ಮದುವೆ ಕ್ಯಾಸೆಟ್ಟಿಗೆ 4ಕೆ ಬೇಡ, 576 ಸಾಕು

"ಅಣ್ಣಾ, ಇದನ್ನ 4ಕೆ ಮಾಡ್ಕೊಡ್ತೀರಾ?" ಹಳೇ ವಿಎಚ್‌ಎಸ್ ಕ್ಯಾಸೆಟ್ ಹಿಡಿದು ಬರುವವರು ಮೊದಲು ಕೇಳುವುದೇ ಇದನ್ನು. ಶಿವಮೊಗ್ಗದಲ್ಲಿ ಕೂತು ನಾನು ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಹೊಟ್ಟೆಪಾಡಿಗೇನಲ್ಲ, ನೆಂಟರಿಷ್ಟರ ಒತ್ತಾಯಕ್ಕೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮದುವೆ, ಉಪನಯನದ ಕ್ಯಾಸೆಟ್ಟುಗಳು ಬರುತ್ತವೆ. ನಡುನಡುವೆ ಯಾವುದೋ ಬಯಲಾಟದ್ದೂ ಸಿಗುತ್ತದೆ.

4ಕೆ ವಿಷಯ ಮೊದಲೇ ಇತ್ಯರ್ಥ ಮಾಡಿಬಿಡುತ್ತೇನೆ. ಈ ಟೇಪುಗಳದ್ದು ಪಾಲ್, ಅಂದರೆ ನಮ್ಮ ದೇಶದ ಹಳೇ ಅನಲಾಗ್ ಟಿವಿಯ ಪದ್ಧತಿ. ಒಟ್ಟು 625 ಗೆರೆ, ಚಿತ್ರ ಇರುವುದು 576ರಲ್ಲಿ. ಅಡ್ಡಕ್ಕೆ ಲೆಕ್ಕ ಹಾಕಿದರೆ ವಿಎಚ್‌ಎಸ್ ಟೇಪು ಸುಮಾರು 240 ಗೆರೆಯಷ್ಟು ವಿವರ ಹಿಡಿದರೆ ಅದೇ ದೊಡ್ಡದು. ಬಣ್ಣದ ಪಾಡು ಇನ್ನೂ ಕಷ್ಟ, 40ರ ಆಸುಪಾಸು. ಮದುಮಗಳ ಕೆಂಪು ಸೀರೆಯ ಬಣ್ಣ ಪಕ್ಕದವರ ಬಿಳಿ ಪಂಚೆಗೂ ಹರಡಿರುವುದು ಅದಕ್ಕೇ. ಟೇಪಿನಲ್ಲೇ ಹಾಗಿದೆ, ಕಂಪ್ಯೂಟರ್ ಏನು ಮಾಡೀತು?

ಹಾಗಾದರೆ ಕಂಪ್ಯೂಟರಿಗೆ 352×288 ಚುಕ್ಕೆಯಲ್ಲಿ ಹಿಡಿದರೆ ಸಾಕಲ್ವಾ? ವಿಸಿಡಿ ಕಾಲದಲ್ಲಿ ಅದೇ ಅಳತೆ. ಖಂಡಿತ ಸಾಲದು. ಪಾಲ್ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮು. ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಫೀಲ್ಡು. ಬೆಸ ಗೆರೆಗಳದ್ದು ಒಂದು, ಸಮ ಗೆರೆಗಳದ್ದು ಇನ್ನೊಂದು. ಎರಡರ ನಡುವೆ ಸೆಕೆಂಡಿನ 50ರಲ್ಲಿ ಒಂದು ಭಾಗ ಕಳೆದಿರುತ್ತದೆ. 288 ಗೆರೆ ಅಂದರೆ ಅರ್ಧ ಗೆರೆ ಹೋಯಿತು, ಜೊತೆಗೆ ಅರ್ಧ ಚಲನೆಯೂ ಹೋಯಿತು. ಮದುವೆ ಮಂಟಪದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಎಲ್ಲರೂ ಕೂತೇ ಇರುತ್ತಾರೆ. ಬಯಲಾಟದ ಟೇಪು ಹಾಕಿ ನೋಡಿ. ಪುಂಡುವೇಷ ಧೀಂಗಿಣ ಹೊಡೆಯುತ್ತಾ ಗಿರಗಿರ ಸುತ್ತುವಾಗ 25ರಲ್ಲಿ ಹಿಡಿದದ್ದು ತಟ್ಟಿ ತಟ್ಟಿ ತಿರುಗುತ್ತದೆ. ಎರಡೂ ಫೀಲ್ಡ್ ಇಟ್ಟುಕೊಂಡು 50 ಮಾಡಿದರೆ ಆ ಸುತ್ತು ಸಲೀಸಾಗಿ ಬರುತ್ತದೆ. ಹಾಗಾಗಿ ನಾನು ಹಿಡಿಯುವುದು 720×576, ಎರಡೂ ಫೀಲ್ಡ್ ಇದ್ದ ಹಾಗೇ. ಅದಕ್ಕಿಂತ ಮೇಲೆ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ.

ಹಳೇ ಎವಿ ಸಿಗ್ನಲನ್ನು ಹೊಸ ಟಿವಿಯ ಎಚ್‌ಡಿಎಂಐಗೆ ತಿರುಗಿಸುವ ಅಗ್ಗದ ಡಬ್ಬಿಗಳಿವೆ. 1080 ಅಂತ ಮೇಲೆ ಬರೆದಿರುತ್ತಾರೆ. ನಾನಂತೂ ಅದನ್ನು ಮುಟ್ಟುವುದಿಲ್ಲ. ಫೀಲ್ಡುಗಳನ್ನು ಅದು ಅವಸರದಲ್ಲಿ ಬೆರೆಸಿಬಿಡುತ್ತದೆ, 4:3 ಚಿತ್ರವನ್ನು ಎಳೆದು 16:9 ಮಾಡುತ್ತದೆ, ಎಷ್ಟೋ ಸಲ 50ನ್ನು 60ಕ್ಕೆ ತಿರುಗಿಸುತ್ತದೆ. ಹೀಗೆ ಕಲಸಿ ಹೋದದ್ದನ್ನು ಆಮೇಲೆ ಬಿಡಿಸಲು ಬರುವುದಿಲ್ಲ.

ದುಡ್ಡು ಹಾಕುವುದಿದ್ದರೆ ಕ್ಯಾಸೆಟ್ ಓಡಿಸುವ ವಿಸಿಆರ್‌ಗೆ ಹಾಕಿ. ಕಂಪ್ಯೂಟರಿನಲ್ಲಿ ಏನೇ ಮಾಡಿದರೂ ಟೇಪು ಓದುವ ಹೆಡ್‌ಗೆ ಸಿಕ್ಕಿದ್ದಷ್ಟೇ ನಮಗೂ ಸಿಗುವುದು. ನಮ್ಮ ಮಲೆನಾಡಿನಲ್ಲಿ ಮೊದಲ ಶತ್ರು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಬಿಟ್ಟು ನೋಡಿ. ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ನಾನು ಮುಟ್ಟುವುದು ಬೇಸಿಗೆಯಲ್ಲಿ ಮಾತ್ರ. ಚೆನ್ನಾಗಿ ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಒರೆಸುತ್ತೇನೆ. ಮಳೆಗಾಲದಲ್ಲಿ ಯಂತ್ರವೂ ಹಟ ಹಿಡಿಯುತ್ತದೆ. ಹೆಡ್ ಕೂತಿರುವ ಡ್ರಮ್ಮಿನ ಹತ್ತಿರ ತೇವ ಪತ್ತೆ ಮಾಡುವ ಸೆನ್ಸರ್ ಇರುವ ವಿಸಿಆರ್ ಆದರೆ, ಕ್ಯಾಸೆಟ್ ತಳ್ಳಿದ ಕೂಡಲೇ ವಾಪಸ್ ಉಗುಳುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಒಂದು ಗಂಟೆ ಸುಮ್ನೆ ಆನ್ ಮಾಡಿ ಬಿಡಿ. ಕರೆಂಟಿಗೆ ಯುಪಿಎಸ್ ಇರಲೇಬೇಕು. ಓಡುವಾಗ ಕರೆಂಟು ಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಲ್ಲುತ್ತದೆ.

ವಿಸಿಆರ್ ಚಿತ್ರವನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ದೊಡ್ಡ ವಿಷಯವಲ್ಲ. ಆದರೆ ಹೊರಗಿನ ಡಬ್ಬಿ ಒಂದೇ ಇದ್ದರೂ ಒಳಗಿನ ಚಿಪ್ಪು ಬೇರೆ ಬೇರೆ ಇರುತ್ತದೆ, ಮೊದಲು ಐದು ನಿಮಿಷ ಹಿಡಿದು ನೋಡುವುದು ಒಳ್ಳೆಯದು. ವಿಸಿಆರ್‌ನಲ್ಲಿ ಎಸ್-ವಿಡಿಯೋ ಎಂಬ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹಳದಿ ಪಿನ್ನೇ ಗತಿ. ಹಿಡಿಯಲು ನಾನು ಬಳಸುವ ತಂತ್ರಾಂಶ ವರ್ಚುಯಲ್‌ಡಬ್. ಅದರ ಸೆಟ್ಟಿಂಗು: ಸಿಗ್ನಲ್‌ಗೆ ಪಾಲ್-ಬಿ, ಬಣ್ಣಕ್ಕೆ ವೈಯುವೈ2, ಧ್ವನಿಗೆ 48 ಕಿಲೋಹರ್ಟ್ಸ್. ಹಾಗೇ ಹಿಡಿದರೆ ಸೆಕೆಂಡಿಗೆ 20 ಎಂಬಿಗಿಂತ ಜಾಸ್ತಿ, ಗಂಟೆಗೆ ಹತ್ತಿರ ಹತ್ತಿರ 75 ಜಿಬಿ. ಅದಕ್ಕೇ ಫೈಲು ಕುಗ್ಗಿಸುವ ಹಫ್‌ವೈಯುವಿ ಹಾಕುತ್ತೇನೆ. ಒಂದು ಚುಕ್ಕೆಯೂ ಕಳೆಯದೆ ಗಾತ್ರ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಬರುತ್ತದೆ.

ಶುರು ಮಾಡುವ ಮುಂಚೆ ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಪ್ರಮಾಣ ತೋರಿಸುವ ಗ್ರಾಫು, ತೆರೆದಿಡುತ್ತೇನೆ. ಆ ಕಾಲದ ವಿಡಿಯೋ ಲೈಟು ನೆನಪಿದೆಯಲ್ವಾ, ಕಣ್ಣು ಕುಕ್ಕುವ ಹಾಗೆ ಮುಖಕ್ಕೇ ಹಿಡಿಯುತ್ತಿದ್ದರು. ಅದರ ಬೆಳಕಿಗೆ ಪುರೋಹಿತರ ಪಂಚೆ ಪೂರ್ತಿ ಬೆಳ್ಳಗಾಗಿ, ಗ್ರಾಫು ಬಲತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಕಾಂಟ್ರಾಸ್ಟ್ ಸ್ವಲ್ಪ ಇಳಿಸಿದರೆ ಪಂಚೆಯ ಮಡಿಕೆಗಳು ಒಂದೊಂದಾಗಿ ಕಾಣಲು ಶುರುವಾಗುತ್ತವೆ. ಇದನ್ನು ಹಿಡಿಯುವಾಗಲೇ ಮಾಡಬೇಕು, ಫೈಲಿನಲ್ಲಿ ಬಿಳಿ ಕೂತ ಮೇಲೆ ಮಡಿಕೆ ಹುಡುಕಿದರೆ ಸಿಗುವುದಿಲ್ಲ.

ಇನ್ನು ನಿಜವಾದ ತಲೆನೋವು, ಡ್ರಾಪ್ ಆಗುವ ಫ್ರೇಮುಗಳು. ಹಳೇ ಟೇಪಿನ ಸಿಗ್ನಲ್ ನಡುಗುತ್ತದೆ. ಟಿವಿ ಅದನ್ನು ಸಹಿಸಿಕೊಳ್ಳುತ್ತದೆ, ಕ್ಯಾಪ್ಚರ್ ಕಡ್ಡಿ ಸಹಿಸುವುದಿಲ್ಲ. ಫ್ರೇಮು ಬಿಟ್ಟುಬಿಡುತ್ತದೆ. ಬಿಟ್ಟದ್ದು ಜಾಸ್ತಿಯಾದರೆ ಚಿತ್ರ ಧ್ವನಿಗಿಂತ ಮುಂದೆ ಓಡಿ, ಮಾಂಗಲ್ಯಧಾರಣೆ ಮುಗಿದ ಮೇಲೆ ಗಟ್ಟಿಮೇಳ ಕೇಳುತ್ತದೆ. ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತ ಬೇರೆ ಯಂತ್ರವೇ ಇದೆ, ಬೆಲೆ ನಮ್ಮ ಕೈಗೆಟುಕುವಂಥದ್ದಲ್ಲ. ನಾನು ಮಾಡಿದ್ದು ಇಷ್ಟೇ. ಟಿವಿ ರಿಪೇರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಡಿವಿಡಿ ರೆಕಾರ್ಡರ್ ತಂದು ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಇಟ್ಟೆ. ರೆಕಾರ್ಡ್ ಮಾಡುವುದಿಲ್ಲ, ಸಿಗ್ನಲ್ ಅದರ ಒಳಗೆ ಹಾದು ಹೊರಗೆ ಬರುತ್ತದೆ ಅಷ್ಟೆ. ಎಲ್ಲ ರೆಕಾರ್ಡರ್‌ಗಳೂ ಈ ಕೆಲಸ ಮಾಡುವುದಿಲ್ಲ. ಪ್ಯಾನಸೋನಿಕ್‌ನ ಇಎಸ್10, ಇಎಸ್15 ಇದಕ್ಕೆ ಹೆಸರುವಾಸಿ. ನನಗೆ ಸಿಕ್ಕಿದ್ದು ಬೇರೆ ಮಾದರಿ, ಆದರೂ ಅದನ್ನು ಇಟ್ಟ ಮೇಲೆ ವಾಲಿ ನಿಲ್ಲುತ್ತಿದ್ದ ಮಂಟಪದ ಕಂಬಗಳು ನೆಟ್ಟಗಾದವು. ಡ್ರಾಪ್ ಲೆಕ್ಕವೂ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ.

ದೊಡ್ಡದು ಮಾಡುವ ಕೆಲಸ ಕೊನೆಗೆ. ಏವಿಸಿಂತ್ ಎಂಬ ತಂತ್ರಾಂಶದಲ್ಲಿ, ಒಂದೊಂದು ಫೀಲ್ಡನ್ನೂ ಪೂರ್ತಿ ಫ್ರೇಮು ಮಾಡುವ ಕ್ಯೂಟಿಜಿಎಂಸಿ ಓಡಿಸಿ ಸೆಕೆಂಡಿಗೆ 50 ಫ್ರೇಮು ಮಾಡುತ್ತೇನೆ. ಹಳೇ ಕಂಪ್ಯೂಟರಿಗೆ ಇದು ರಾತ್ರಿಯಿಡೀ ಹಿಡಿಯುತ್ತದೆ. ಚಿತ್ರದ ತಳದಲ್ಲಿ ಹರಿದ ಹಾಗೆ ಕಾಣುವ ಪಟ್ಟಿ ಟೇಪಿನ ದೋಷವಲ್ಲ. ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು, ಹಳೇ ಟಿವಿಗಳಲ್ಲಿ ಅಂಚಿನ ಹಿಂದೆ ಮುಚ್ಚಿಹೋಗುತ್ತಿತ್ತು. ಅದರ ಮೇಲೆ ಕಪ್ಪು ಹಾಕಿ, 1440×1080ಕ್ಕೆ ಹಿಗ್ಗಿಸುತ್ತೇನೆ. ಹೊಸ ವಿವರ ಬರುತ್ತದೆ ಅಂತಲ್ಲ. ಯೂಟ್ಯೂಬ್‌ನಲ್ಲಿ 50 ಫ್ರೇಮು ಉಳಿಯಬೇಕಾದರೆ ಚಿತ್ರ 720 ಗೆರೆ ಅಥವಾ ಅದಕ್ಕಿಂತ ದೊಡ್ಡದಿರಬೇಕು, ಅದಕ್ಕೆ.

ಪೆನ್‌ಡ್ರೈವ್ ತರುವವರಿಗೆ ಒಂದು ಮಾತು. ಅದರ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ದಾಟಿದ ಫೈಲು ಅದರಲ್ಲಿ ಕೂರುವುದಿಲ್ಲ. ಮೂರು ಗಂಟೆ ಮದುವೆ ಅದನ್ನು ದಾಟಿಯೇ ದಾಟುತ್ತದೆ. ದೊಡ್ಡ ಫೈಲು ಹಿಡಿಯುವ ಎಕ್ಸ್‌ಫ್ಯಾಟ್ ಫಾರ್ಮ್ಯಾಟನ್ನು ಮನೆಯ ಟಿವಿ ಓದುತ್ತದೋ ಇಲ್ಲವೋ ಮೊದಲೇ ನೋಡಿಕೊಂಡು ಬನ್ನಿ. ಓದದಿದ್ದರೆ ವರಪೂಜೆ, ಧಾರೆ, ಊಟ ಅಂತ ತುಂಡು ಮಾಡಿ ಕೊಡುತ್ತೇನೆ.