ಊರಿನ ಚೀಟಿ, ಇಂಗ್ಲೆಂಡಿನ ಮಾತ್ರೆ: ಬೈಪೋಲಾರ್ ಇರುವ ಕನ್ನಡಿಗರಿಗೆ

ಬೈಪೋಲಾರ್ ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ. ಇದಕ್ಕೆ ಊರಿನ ಡಾಕ್ಟರ್ ಬರೆದ ಚೀಟಿಗೆ ಇಂಗ್ಲೆಂಡಿನ ಫಾರ್ಮಸಿಯಲ್ಲಿ ಮಾತ್ರೆ ಸಿಗುವುದಿಲ್ಲ. ಎಷ್ಟು ಕೇಳಿಕೊಂಡರೂ ಕೊಡುವುದಿಲ್ಲ. ಅದಕ್ಕೇ ಕೆಲವರು ಸೂಟ್‌ಕೇಸಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ತುಂಬಿಕೊಂಡು ಬರುತ್ತಾರೆ, ಮುಗಿದರೆ ಮನೆಯವರಿಗೆ ಹೇಳಿ ತರಿಸಿಕೊಳ್ಳುತ್ತಾರೆ. ಆಫೀಸಿನವರಿಗೆ ಗೊತ್ತಾದರೆ ಅನ್ನುವ ಭಯ ಬೇರೆ. ಜಿಪಿಗೆ, ಅಂದರೆ ಇಲ್ಲಿ ಯಾವ ಕಾಯಿಲೆಗೂ ಮೊದಲು ನೋಡುವ ಸ್ಥಳೀಯ ಡಾಕ್ಟರಿಗೆ, ಹೇಳಿದ್ದು ನಿಮ್ಮ ಆಫೀಸಿಗೆ ಹೋಗುವುದಿಲ್ಲ. ಸುಮ್ನೆ ಮುಚ್ಚಿಟ್ಟುಕೊಂಡು ಮಾತ್ರೆ ನುಂಗುವುದು ಯಾವ ಔಷಧಿಗೂ ಒಳ್ಳೆಯದಲ್ಲ, ಬೈಪೋಲಾರ್ ಹದದಲ್ಲಿಡಲು ಕೊಡುವ ಲಿಥಿಯಂಗಂತೂ ಬೇಡವೇ ಬೇಡ.

ಬಂದ ವಾರದಲ್ಲೇ ಹತ್ತಿರದ ಜಿಪಿ ಬಳಿ ಹೆಸರು ಬರೆಸಿ. ಇದಕ್ಕೆ ದುಡ್ಡಿಲ್ಲ. ವಿಳಾಸದ ಪುರಾವೆ, ವೀಸಾ ಕಾಗದ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ವೀಸಾ ಅರ್ಜಿ ಹಾಕುವಾಗ ವರ್ಷಕ್ಕೆ 1,035 ಪೌಂಡ್ (ವಿದ್ಯಾರ್ಥಿಗಳಾದರೆ 776) ಆರೋಗ್ಯ ಶುಲ್ಕ ಕಟ್ಟಿಯೇ ಬಂದಿದ್ದೀರಲ್ವಾ? ಸಂಕೋಚ ಯಾಕೆ?

ಜಿಪಿ ತಾವಾಗಿಯೇ ಲಿಥಿಯಂ ಶುರು ಮಾಡುವುದಿಲ್ಲ. ಮಾನಸಿಕ ಆರೋಗ್ಯ ತಂಡಕ್ಕೆ ಕಳಿಸುತ್ತಾರೆ. ಅಲ್ಲಿನ ಸೈಕಿಯಾಟ್ರಿಸ್ಟ್ ಮಾತ್ರೆ, ಪ್ರಮಾಣ ಗೊತ್ತುಮಾಡುತ್ತಾರೆ. ಎಲ್ಲ ಒಂದು ಹದಕ್ಕೆ ಬಂದ ಮೇಲೆ ಚೀಟಿ ಬರೆಯುವ ಕೆಲಸ ಜಿಪಿಗೆ ಬರುತ್ತದೆ. ಇದಕ್ಕೆ ಶೇರ್ಡ್ ಕೇರ್ ಅನ್ನುತ್ತಾರೆ. ಮೊದಲ ಅಪಾಯಿಂಟ್‌ಮೆಂಟಿಗೆ ಕೆಲವು ಕಡೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹಾಗಾಗಿ ಊರಿಂದ ಹೊರಡುವಾಗ ಎರಡು ತಿಂಗಳಿಗೆ ಮೀರಿ ಮಾತ್ರೆ ಕೈಲಿರಲಿ, ಜೊತೆಗೆ ಡಾಕ್ಟರ ಪತ್ರ. ಅದರಲ್ಲಿ ಲೈಕ್ಯಾಬ್, ಎನ್‌ಕೊರೇಟ್ ಅಂತ ಬ್ರಾಂಡ್ ಹೆಸರಷ್ಟೇ ಇದ್ದರೆ ಇಲ್ಲಿನವರಿಗೆ ಅರ್ಥವಾಗುವುದಿಲ್ಲ. ಲಿಥಿಯಂ ಕಾರ್ಬೊನೇಟ್, ಸೋಡಿಯಂ ವಾಲ್ಪ್ರೊಯೇಟ್ ಅಂತಲೇ ಬರೆಸಿ. ಕೊನೆಯ ಲಿಥಿಯಂ ಮಟ್ಟ, ಕಿಡ್ನಿ ಮತ್ತು ಥೈರಾಯ್ಡ್ ವರದಿ, ಹಿಂದೆ ಯಾವ ಮಾತ್ರೆ ಆಗಿಬರಲಿಲ್ಲ ಅನ್ನುವುದೂ ಇರಲಿ. ನಿಮ್ಹಾನ್ಸ್‌ನಲ್ಲಿ ಸೇರಿದ್ದವರು ಡಿಸ್ಚಾರ್ಜ್ ಸಮ್ಮರಿ ಮರೆಯಬೇಡಿ. ಚೀಟಿಯಲ್ಲಿ ಕ್ಲೊನಾಜೆಪಾಮ್ ಇದ್ದರೆ ಪತ್ರ ಇರಲೇಬೇಕು, ಇಲ್ಲಿ ಅದು ನಿಯಂತ್ರಿತ ಔಷಧಿ. ಅದನ್ನು ಮೂರು ತಿಂಗಳಿಗೆ ಅಥವಾ ಅದಕ್ಕೂ ಜಾಸ್ತಿ ತರುವುದಾದರೆ ಲೈಸೆನ್ಸೇ ಬೇಕು.

ಇನ್ನು ಲಿಥಿಯಂ ವಿಚಾರ. ದೀರ್ಘಕಾಲದ ಚಿಕಿತ್ಸೆಗೆ ಇಲ್ಲಿನ ನೈಸ್ (ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರಿಗೆ ಹೇಳುವ ಸಂಸ್ಥೆ) ಮಾರ್ಗಸೂಚಿ ಮೊದಲು ಹೇಳುವುದು ಇದನ್ನೇ. ಶುರು ಮಾಡಿದ ಒಂದು ವಾರಕ್ಕೆ ರಕ್ತ ಪರೀಕ್ಷೆ. ರಕ್ತದಲ್ಲಿನ ಲಿಥಿಯಂ ಮಟ್ಟ ಸ್ಥಿರವಾಗುವ ತನಕ ವಾರವಾರವೂ. ಆಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ರಕ್ತ ಕೊಡಬೇಕಾದದ್ದು ಮಾತ್ರೆ ನುಂಗಿ ಹನ್ನೆರಡು ಗಂಟೆಯ ಮೇಲೆ. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಮೊದಲ ಸಲ ತಗೊಳ್ಳುವವರಿಗೆ ಈ ಮಟ್ಟವನ್ನು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್‌ನೊಳಗೆ ಇಡುತ್ತಾರೆ. ಇದನ್ನೆಲ್ಲ ಬರೆದಿಡಲು ನೇರಳೆ ಬಣ್ಣದ ಒಂದು ಪುಟ್ಟ ಪುಸ್ತಕ, ಪರ್ಸಿನಲ್ಲಿಟ್ಟುಕೊಳ್ಳಲು ಒಂದು ಕಾರ್ಡ್ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಇಸ್ಕೊಳ್ಳಿ. ಪ್ರಿಯಾಡೆಲ್, ಕ್ಯಾಮ್ಕೊಲಿಟ್ ಎರಡೂ ಲಿಥಿಯಮ್ಮೇ ಆದರೂ ಒಂದರ ಬದಲು ಇನ್ನೊಂದು ನುಂಗುವಂತಿಲ್ಲ. ಪ್ರತಿ ಸಲ ಡಬ್ಬಿಯ ಹೆಸರು ನೋಡಿ.

ನಮ್ಮವರು ಎಡವುವುದು ತಲೆನೋವಿನ ಮಾತ್ರೆಯಲ್ಲಿ. ಊರಿಂದ ತಂದ ಕಾಂಬಿಫ್ಲಾಮ್ ಯಾರ ಬ್ಯಾಗಿನಲ್ಲಿಲ್ಲ ಹೇಳಿ? ಅದರಲ್ಲಿ ಐಬುಪ್ರೊಫೆನ್ ಇದೆ, ಲಿಥಿಯಂ ಮಟ್ಟವನ್ನು ಏರಿಸಿಬಿಡುತ್ತದೆ. ಬರೀ ಪ್ಯಾರಾಸಿಟಮಾಲ್ ತಗೊಳ್ಳಿ. ನೀರೂ ಕುಡಿಯದ ಏಕಾದಶಿ, ದಿಢೀರನೆ ಉಪ್ಪು ಬಿಡುವುದು, ವಾಂತಿ-ಭೇದಿ, ಇವೂ ಮಟ್ಟ ಏರಿಸುತ್ತವೆ, ಅತಿಯಾದರೆ ಅಪಾಯ. ಕೈ ಜೋರಾಗಿ ನಡುಗಿದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಭಾರತದಲ್ಲಿ ಧಾರಾಳವಾಗಿ ಬರೆಯುವ ವಾಲ್ಪ್ರೊಯೇಟ್ ಇಲ್ಲಿ ಸುಲಭಕ್ಕೆ ಸಿಗದು. 2024ರ ಜನವರಿಯಿಂದ, 55 ವರ್ಷದೊಳಗಿನ ಯಾರಿಗೇ ಹೊಸದಾಗಿ ಕೊಡಬೇಕಾದರೂ, ಹೆಂಗಸರಿರಲಿ ಗಂಡಸರಿರಲಿ, ಇಬ್ಬರು ತಜ್ಞರು ಬೇರೆ ದಾರಿಯಿಲ್ಲ ಅಂತ ಒಪ್ಪಬೇಕು. ಗರ್ಭದಲ್ಲಿರುವ ಮಗುವಿಗೆ ಇದರಿಂದಾಗುವ ಹಾನಿ ದೊಡ್ಡದು. ನನಗೆ ಈ ಬಿಗಿ ಸರಿಯೇ ಅನ್ನಿಸುತ್ತದೆ. ಆದರೆ ಈಗಾಗಲೇ ತಗೊಳ್ಳುತ್ತಿರುವವರು ಹೆದರಿ ತಾವಾಗಿಯೇ ನಿಲ್ಲಿಸಬಾರದು. ಬದಲಿಗೆ ಕ್ವೆಟಿಯಾಪಿನ್, ಒಲಾಂಜಪಿನ್ ಥರದವು ಇವೆ. ಖಿನ್ನತೆಯೇ ಜಾಸ್ತಿ ಇರುವವರಿಗೆ ಲ್ಯಾಮೊಟ್ರಿಜಿನ್ ಕೂಡ ಕೊಡುತ್ತಾರೆ.

ದುಡ್ಡಿನ ಲೆಕ್ಕ: 2025ರಲ್ಲಿ ಇಂಗ್ಲೆಂಡಿನಲ್ಲಿ ಒಂದೊಂದು ಔಷಧಿಗೂ 9.90 ಪೌಂಡ್. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಪೂರ್ತಿ ಉಚಿತ. ವರ್ಷದ ಔಷಧಿ ಶುಲ್ಕವನ್ನೆಲ್ಲ ಒಟ್ಟಿಗೇ ಕಟ್ಟುವ ಪ್ರೀಪೇಮೆಂಟ್ ಸರ್ಟಿಫಿಕೇಟಿಗೆ 114.50 ಪೌಂಡ್, ಹತ್ತು ಕಂತಿನಲ್ಲಿ ಕಟ್ಟಬಹುದು. ತಿಂಗಳಿಗೆ ಒಂದೇ ಔಷಧಿ ಇದ್ದರೂ ಅದು ಅಗ್ಗ. ಬೈಪೋಲಾರ್ ಉಚಿತ ಔಷಧಿಯ ಪಟ್ಟಿಯಲ್ಲಿಲ್ಲ. ವಿಚಿತ್ರ ಅಂದರೆ, ಲಿಥಿಯಂನಿಂದ ಥೈರಾಯ್ಡ್ ಕುಗ್ಗಿ ಅದಕ್ಕೆ ಮಾತ್ರೆ ಶುರುವಾದರೆ ವಿನಾಯಿತಿ ಪತ್ರ ಸಿಗುತ್ತದೆ, ಆಗ ಎಲ್ಲ ಮಾತ್ರೆಯೂ ಉಚಿತ!

ಕಾರು ಓಡಿಸುವವರು ಡಿವಿಎಲ್‌ಎಗೆ (ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಕಚೇರಿಗೆ) ಕಾಯಿಲೆ ತಿಳಿಸಲೇಬೇಕು, ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು. ಇಂಗ್ಲಿಷ್ ಬಾರದ ಅಪ್ಪ-ಅಮ್ಮನಿಗೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿಡಿ, ಅದೂ ಉಚಿತ. ಮಗನೋ ಸೊಸೆಯೋ ಎದುರಿಗಿದ್ದರೆ ಎಷ್ಟೋ ವಿಷಯ ಬಾಯಿಗೆ ಬರುವುದಿಲ್ಲ. ನಿದ್ದೆಯಿಲ್ಲದೆ ಮಾತು, ಖರ್ಚು ಎರಡೂ ಏರುತ್ತಿವೆ ಅನ್ನಿಸಿದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ಯಾವ ಹೊತ್ತಾದರೂ 111ಕ್ಕೆ ಫೋನ್ ಮಾಡಿ 2 ಒತ್ತಿ. ಜೀವಕ್ಕೇ ಅಪಾಯ ಇದ್ದರೆ 999.