ಹೈಡ್ರಾ ಕ್ರೇನ್ ಕರೆಸುವ ಮುಂಚೆ ಬೆಲ್ಟ್ ನೋಡಿ
ಹುಬ್ಬಳ್ಳಿಯ ತಾರಿಹಾಳ, ಗೋಕುಲ ರೋಡ್ ಕಡೆ ಶೆಡ್‌ಗಳಲ್ಲಿ ಮಷಿನ್ ಇಳಿಸುವವರಿಗೆ ಒಂದು ಮಾತು. 12 ಟನ್ನಿನ ಹೈಡ್ರಾ ಅಂದರೆ ಹೇಗಿಟ್ಟರೂ 12 ಟನ್ ಎತ್ತುತ್ತೆ ಅಂತಲ್ಲ. ಬೂಮ್, ಅಂದರೆ ಕ್ರೇನಿನ ತೋಳು, ಚಾಚಿದಷ್ಟೂ ತಾಕತ್ತು ಇಳಿಯುತ್ತದೆ. ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಅನ್ನೋ ಲೋಡ್ ಚಾರ್ಟ್ ತೋರಿಸಿ ಅಂತ ಆಪರೇಟರ್‌ನ ಕೇಳಿ, ಸಂಕೋಚ ಬೇಡ.

ಮಷಿನ್‌ನ ಕ್ರೇನ್ ಹುಕ್‌ಗೆ ನೇತುಹಾಕುವ ಬೆಲ್ಟ್ ವಿಷಯ ಇನ್ನೂ ಮುಖ್ಯ. 2 ಟನ್ ಮಷಿನ್‌ಗೆ ಎರಡು ಬೆಲ್ಟ್ ಹಾಕಿದರೆ ತಲಾ 1 ಟನ್ ಅಂದುಕೊಳ್ಳುತ್ತೇವೆ, ಅಲ್ವಾ? ನೆಟ್ಟಗಿದ್ದರೆ ಸರಿ. ಅಗಲಕ್ಕೆ ಹರಡಿ, ನೆಲಕ್ಕೆ 30 ಡಿಗ್ರಿಯಷ್ಟೇ ಓರೆಯಾಗಿದ್ದರೆ ಒಂದೊಂದರ ಮೇಲೂ ಪೂರ್ತಿ 2 ಟನ್ ಎಳೆತ ಬೀಳುತ್ತದೆ! ಈ ಕೋನ 60 ಡಿಗ್ರಿಗಿಂತ ಕಡಿಮೆ ಆಗದಂತೆ ಉದ್ದದ ಬೆಲ್ಟ್ ತರಿಸಿ. ಹೊಲಿಗೆ ಬಿಟ್ಟಿದ್ದು ಬೇಡವೇ ಬೇಡ.

ಮಳೆ ಬಿದ್ದ ಮೇಲೆ ನಮ್ಮ ಎರಿ ಮಣ್ಣು ಗೊತ್ತಲ್ಲ, ಚಕ್ರ ಹೂತು ಗಾಡಿನೇ ವಾಲುತ್ತೆ. ಕಬ್ಬಿಣದ ಪ್ಲೇಟ್ ಹಾಸಿಸಿ. ಲೋಡ್ ಓಲಾಡಿದರೆ ಕೈ ಕೊಟ್ಟು ತಡೆಯೋರೇ ಜಾಸ್ತಿ. ಮೊದಲೇ ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ.