ಹೊಸ ಬ್ಯಾರಲ್‌ನ ಆಯಿಲ್ ಟ್ಯಾಂಕಿಗೆ ಹೋಗುವ ಮುನ್ನ

ಸೀಲ್ ಒಡೆಯದ ಬ್ಯಾರಲ್ ಎಂದು ನಂಬಿ ಹೈಡ್ರಾಲಿಕ್ ಆಯಿಲನ್ನು ನೇರವಾಗಿ ಮಷಿನ್‌ನ ಟ್ಯಾಂಕಿಗೆ ಇಳಿಸುವವರು ಈಗಲೂ ಬಹಳ ಮಂದಿ. ಬ್ಯಾರಲ್ ಒಳಗಿನ ತುಕ್ಕು, ತುಂಬುವಾಗ ಪೈಪಿನಿಂದ ಬಂದ ಕಣ, ದಾಸ್ತಾನಿನಲ್ಲಿ ಸೇರಿದ ತೇವ ಎಲ್ಲವೂ ಆ ಆಯಿಲ್‌ನಲ್ಲೇ ಇರುತ್ತವೆ. 40 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣ ಬರಿಗಣ್ಣಿಗೆ ಕಾಣುವುದಿಲ್ಲ. ಹರಿವನ್ನು ಬೇಕಾದಷ್ಟೇ ಹೊಂದಿಸುವ ಪ್ರಪೋರ್ಷನಲ್ ವಾಲ್ವ್‌ನ ಸ್ಪೂಲ್ (ಒಳಗೆ ಜಾರುವ ದಂಡ) ಕಚ್ಚಿಕೊಳ್ಳುವುದು 5ರಿಂದ 10 ಮೈಕ್ರಾನ್ ಕಣಕ್ಕೆ. ಹಾಗಾಗಿ ಬ್ಯಾರಲ್‌ನಿಂದ ಟ್ಯಾಂಕಿಗೆ ಆಯಿಲ್ ಸಾಗಿಸುವ ಟ್ರಾನ್ಸ್‌ಫರ್ ಪಂಪನ್ನು ಫಿಲ್ಟರ್ ಇಲ್ಲದೆ ನಾನು ಓಡಿಸುವುದೇ ಇಲ್ಲ.

ನಾನು ಬಳಸುವ ಟ್ರಾಲಿಯಲ್ಲಿ ಒಂದು ಸುತ್ತಿಗೆ 14 ಸಿಸಿ ಎಳೆಯುವ ಗೇರ್ ಪಂಪ್ ಇದೆ. ಮೋಟಾರ್ 1 ಎಚ್‌ಪಿ, ಮೂರು ಫೇಸ್, 1440 ಆರ್‌ಪಿಎಂ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 20 ಲೀಟರ್. ಪಂಪ್ ಆದ ಮೇಲೆ 6 ಬಾರ್‌ಗೆ ಸೆಟ್ ಮಾಡಿದ ರಿಲೀಫ್ ವಾಲ್ವ್ (ಒತ್ತಡ ಮೀರಿದರೆ ಆಯಿಲನ್ನು ವಾಪಸ್ ಬಿಡುವಂಥದ್ದು), ಗೇಜ್, 10 ಮೈಕ್ರಾನ್ ಫಿಲ್ಟರ್. ಆಯಿಲ್ ಐಎಸ್‌ಒ ವಿಜಿ 68, ತುಂಬಬೇಕಾದ ಟ್ಯಾಂಕ್ 400 ಲೀಟರಿನದು.

ಖರೀದಿಸುವಾಗ ಎಲ್ಲರೂ ಕೇಳುವುದು ಮೋಟಾರ್ ಎಷ್ಟು ಎಚ್‌ಪಿ ಎಂದು. ಪಂಪ್ ಹಾಳಾಗುವುದು ಮಾತ್ರ ಸಕ್ಷನ್, ಅಂದರೆ ಆಯಿಲ್ ಎಳೆಯುವ ಕಡೆಯಿಂದ. 20 ಲೀಟರ್ ಹರಿವಿಗೆ 25 ಮಿಮೀ ಒಳವ್ಯಾಸದ ಹೋಸ್ ಹಾಕಿದರೆ ಆಯಿಲ್ ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ ಬರುತ್ತದೆ. ಕೈಗೆ ಸಿಕ್ಕಿತೆಂದು 12 ಮಿಮೀ ಹೋಸ್ ಹಾಕಿದರೆ ವೇಗ 3 ಮೀಟರ್ ಹತ್ತಿರ ಹೋಗುತ್ತದೆ, ಪಂಪಿಗೆ ಉಸಿರು ಕಟ್ಟುತ್ತದೆ. ಸಕ್ಷನ್‌ನಲ್ಲಿ ವೇಗ ಸೆಕೆಂಡಿಗೆ 1 ಮೀಟರ್ ದಾಟಬಾರದು. ಹೋಸ್ ಒಳಗೆ ತಂತಿ ಸುರುಳಿ ಇರಲೇಬೇಕು, ಇಲ್ಲವಾದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಎಳೆ ಕಿತ್ತು ಗೇರ್‌ಗೆ ಹೋಗುತ್ತದೆ. ಪ್ಯಾರಲಲ್ ಥ್ರೆಡ್‌ಗೆ ಬಾಂಡೆಡ್ ವಾಷರ್ (ರಬ್ಬರ್ ಅಂಚು ಅಂಟಿಸಿದ ಲೋಹದ ವಾಷರ್) ಸಾಕು.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಿಜಿ 68 ಎಂಬ ಅಂಕಿ 40 ಡಿಗ್ರಿಯಲ್ಲಿನ ಸ್ನಿಗ್ಧತೆ. ಬೆಂಗಳೂರಿನ ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಅದೇ ಆಯಿಲ್ ಸುಮಾರು ನಾಲ್ಕು ಪಟ್ಟು ಮಂದವಾಗಿರುತ್ತದೆ. ಬಿಸಿಲೇರಿದ ಮೇಲೆ ಕೆಲಸ ಇಟ್ಟುಕೊಳ್ಳುವುದು ಸುಲಭದ ದಾರಿ. ಬ್ಯಾರಲ್‌ಗೆ ಗ್ಯಾಸ್ ಬರ್ನರ್ ಹಿಡಿಯುವುದು ಬೇಡವೇ ಬೇಡ. ತಗಡಿಗೆ ತಾಗಿದ ಆಯಿಲ್ ಸುಟ್ಟು ಕರಿಯಾಗುತ್ತದೆ, ಬೆಂಕಿಯ ಅಪಾಯ ಬೇರೆ.

ಬ್ಯಾರಲನ್ನು ಹಿಂದಿನ ದಿನವೇ ತಂದು ನಿಲ್ಲಿಸಿದರೆ ರಾತ್ರಿಯಲ್ಲಿ ನೀರು, ಕೆಸರು ತಳ ಸೇರುತ್ತವೆ. ಮುಚ್ಚಳದ ಸುತ್ತ ಒರೆಸಲು ಎಳೆ ಬಿಡದ ಬಟ್ಟೆ ಇರಲಿ, ಕಾಟನ್ ವೇಸ್ಟ್ ಟ್ಯಾಂಕಿನ ಹತ್ತಿರವೂ ಸುಳಿಯಬಾರದು. 2 ಇಂಚಿನ ಬಾಯಿಯಿಂದ ಪೈಪ್ ಇಳಿಸಿ, ಮುಕ್ಕಾಲು ಇಂಚಿನ ಚಿಕ್ಕ ಮುಚ್ಚಳವನ್ನೂ ಸಡಿಲಿಸಿ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಹರಿವು ಕುಗ್ಗುತ್ತದೆ. ಪೈಪಿನ ತುದಿ ತಳದಿಂದ 5 ಸೆಂಮೀ ಮೇಲಿರಲಿ, ಕೊನೆಯ ಹತ್ತು ಲೀಟರನ್ನು ಎಳೆಯುವ ಆಸೆ ಬೇಡ.

ಟ್ಯಾಂಕಿನ ಮಟ್ಟ ನೋಡುವ ಮುಂಚೆ ಮಷಿನ್‌ನ ಎಲ್ಲ ಸಿಲಿಂಡರ್‌ಗಳೂ ಒಳಗೆ ಬಂದಿರಬೇಕು. ರಾಡ್ ಹೊರಗಿದ್ದಾಗ ತುಂಬಿಸಿದರೆ, ಸಿಲಿಂಡರ್ ಹಿಂದೆ ಬಂದಾಗ ಆಯಿಲ್ ಉಕ್ಕುತ್ತದೆ.

ಟ್ರಾಲಿಯನ್ನು ಬೇರೆ ಸಾಕೆಟ್‌ಗೆ ಸೇರಿಸಿದಾಗಲೆಲ್ಲ ಮೋಟಾರ್ ತಿರುಗುವ ದಿಕ್ಕನ್ನು ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ ನೋಡುತ್ತೇನೆ. ಫೇಸ್ ಅದಲುಬದಲಾಗಿದ್ದರೆ ಪಂಪ್ ಸಕ್ಷನ್ ಕಡೆಗೆ ಒತ್ತುತ್ತದೆ. ಕೆಳಗೆ ಸಕ್ಷನ್ ಪೈಪಿನ ತುದಿಯಲ್ಲಿ ಒಂದೇ ದಿಕ್ಕಿಗೆ ಬಿಡುವ ಫುಟ್ ವಾಲ್ವ್ ಮುಚ್ಚಿರುತ್ತದೆ, ಆ ಕಡೆ ರಿಲೀಫ್ ವಾಲ್ವ್ ಇಲ್ಲ, ಶಾಫ್ಟ್ ಸೀಲ್ ಇರುವುದೂ ಅದೇ ಕಡೆ. ಒತ್ತಡಕ್ಕೆ ಸೀಲ್ ಹೊರಗೆ ಹಾರುತ್ತದೆ. ಇನ್ನು, ಟ್ಯಾಂಕಿನ ಕಡೆಯ ಡೆಲಿವರಿ ವಾಲ್ವ್ ತೆರೆದ ಮೇಲೆಯೇ ಸ್ಟಾರ್ಟ್ ಮಾಡುವುದು. ಮುಚ್ಚಿಟ್ಟು ಓಡಿಸಿದರೆ ಅದೇ ಆಯಿಲ್ ರಿಲೀಫ್ ವಾಲ್ವ್‌ನಲ್ಲಿ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಒಣಗಿದ ಪಂಪಿಗೆ ಇನ್ಲೆಟ್‌ನಲ್ಲಿ ಅರ್ಧ ಲೀಟರ್ ಆಯಿಲ್ ಸುರಿದು ಶುರು ಮಾಡಿ, 30 ಸೆಕೆಂಡಿನಲ್ಲಿ ಎಳೆಯದಿದ್ದರೆ ನಿಲ್ಲಿಸಿ. ಹೋಸ್‌ನಲ್ಲಿ ನಿಂತಿದ್ದ ಹಳೆಯ ಆಯಿಲ್ ಹೋಗಲು ಮೊದಲ 5 ಲೀಟರ್ ಬೇರೆ ಕ್ಯಾನ್‌ಗೆ. ಟ್ಯಾಂಕಿನೊಳಗೆ ಹೋಸ್ ತುದಿ ಆಯಿಲ್ ಮಟ್ಟದ ಕೆಳಗೇ ಇರಲಿ, ಮೇಲಿಂದ ಧುಮುಕಿದರೆ ನೊರೆಯೇಳುತ್ತದೆ.

ಓಡುವಾಗ ಕಿವಿ ಪಂಪಿನ ಕಡೆ ಇರಬೇಕು. ಕೀರಲು ಸದ್ದು ಒಂದೇ ಸಮನೆ ಬಂದರೆ ಆಯಿಲ್ ಸಾಲುತ್ತಿಲ್ಲ: ಸಕ್ಷನ್‌ನ ಜಾಲರಿ, ಅಂದರೆ ಸ್ಟ್ರೈನರ್ ಕಟ್ಟಿದೆ, ಇಲ್ಲವೇ ಆಯಿಲ್ ತಣ್ಣಗಿದೆ. ಸದ್ದು ಬಿಟ್ಟು ಬಿಟ್ಟು ಗಡಗಡ ಎಂದರೆ ಗಾಳಿ ಎಳೆಯುತ್ತಿದೆ. ಸಕ್ಷನ್ ಜಾಯಿಂಟ್‌ಗಳ ಮೇಲೆ ಒಂದೊಂದಾಗಿ ಗ್ರೀಸ್ ಸವರುತ್ತಾ ಹೋಗಿ, ಯಾವುದಕ್ಕೆ ಸವರಿದಾಗ ಸದ್ದು ಇಳಿಯಿತೋ ಅಲ್ಲೇ ಸೋರಿಕೆ. ಆಯಿಲ್ ಹಾಲಿನಂತೆ ಕಂಡರೆ ಗಾಜಿನ ಲೋಟದಲ್ಲಿ ಹಿಡಿದು ಕಾಲು ಗಂಟೆ ಇಡಿ. ಕೆಳಗಿನಿಂದ ತಿಳಿಯಾಗುತ್ತಾ ಗುಳ್ಳೆ ಮೇಲೇರಿದರೆ ಅದು ಗಾಳಿ. ತಿಳಿಯಾಗದೆ ಮಬ್ಬಾಗಿಯೇ ಉಳಿದರೆ ನೀರು. ಅಂಥ ಆಯಿಲ್ ಟ್ಯಾಂಕಿಗೆ ಹೋಗಬಾರದು, ಸಾಮಾನ್ಯ ಫಿಲ್ಟರ್ ನೀರನ್ನು ತೆಗೆಯುವುದಿಲ್ಲ.

ತುಂಬಿಸಿದ ಮೇಲೂ ಟ್ರಾಲಿಗೆ ಕೆಲಸವಿದೆ. ಟ್ಯಾಂಕಿನ ಒಂದು ತುದಿಯಿಂದ ಎಳೆದು ಇನ್ನೊಂದು ತುದಿಗೆ ಬಿಡುತ್ತೇನೆ. 400 ಲೀಟರ್ ಒಂದು ಸುತ್ತು ಬರಲು 20 ನಿಮಿಷ. ಏಳು ಸುತ್ತಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಗಂಟೆ ಓಡಿಸಿದರೆ ಸಮಾಧಾನ.

ನಿರ್ವಹಣೆಯಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು 20 ಲೀಟರಿನ ಕ್ಯಾನ್ ಮತ್ತು ಗಡಿಯಾರ. ಹೊಸ ಪಂಪ್ 60 ಸೆಕೆಂಡಿನಲ್ಲಿ ತುಂಬಿಸಿದ್ದನ್ನು ಅದೇ ಬಿಸಿಯ ಆಯಿಲ್‌ನಲ್ಲಿ 75 ಸೆಕೆಂಡ್ ತೆಗೆದುಕೊಂಡರೆ ಹರಿವು 16 ಲೀಟರಿಗೆ ಇಳಿದಿದೆ ಎಂದರ್ಥ. ಮೊದಲು ಸ್ಟ್ರೈನರ್ ಮತ್ತು ರಿಲೀಫ್ ವಾಲ್ವ್ ನೋಡಿ, ಅವು ಸರಿಯಿದ್ದರೆ ಪಂಪ್ ಬಿಚ್ಚಿ. ಸವೆತ ಸಾಮಾನ್ಯವಾಗಿ ಬಾಡಿಯ ಸಕ್ಷನ್ ಬದಿಯಲ್ಲಿ ಗೇರ್ ಹಲ್ಲು ಕೊರೆದ ಅರ್ಧಚಂದ್ರದಂತೆ ಕಾಣುತ್ತದೆ, ಉಗುರಾಡಿಸಿದರೆ ಮೆಟ್ಟಿಲು ತಾಗುತ್ತದೆ. ಮೋಟಾರನ್ನು ಪಂಪಿಗೆ ಜೋಡಿಸುವ ಕಪ್ಲಿಂಗ್‌ನ ಗಾರ್ಡ್ ಕೆಳಗೆ ಕರಿ ರಬ್ಬರ್ ಪುಡಿ ಬಿದ್ದಿದ್ದರೆ ಬರೀ ಸ್ಪೈಡರ್ (ಕಪ್ಲಿಂಗ್ ನಡುವಿನ ರಬ್ಬರ್ ತುಂಡು) ಬದಲಿಸಿ ಸುಮ್ಮನಾಗಬೇಡಿ, ಅಲೈನ್‌ಮೆಂಟ್ ತಪ್ಪಿದೆ. ಹೊಸ ಕಪ್ಲಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಪೆಟ್ಟು ಒಳಗಿನ ಸೈಡ್ ಪ್ಲೇಟ್‌ಗೆ ಬೀಳುತ್ತದೆ. ಫಿಲ್ಟರ್ ಗೇಜ್ ಬಿಸಿ ಆಯಿಲ್‌ನಲ್ಲಿ 2 ಬಾರ್ ತೋರಿಸಿದರೆ ಎಲಿಮೆಂಟ್ ಬದಲಿಸುತ್ತೇನೆ. ತಣ್ಣನೆ ಆಯಿಲ್‌ನಲ್ಲಿ ಬಂದ ಅಂಕಿ ನಂಬುವಂಥದ್ದಲ್ಲ. ಸೀಲ್ ನೈಟ್ರೈಲ್ ರಬ್ಬರಿನದಾಗಿದ್ದರೆ ಮಿನರಲ್ ಆಯಿಲ್‌ಗೆ ಸರಿ, ಫಾಸ್ಫೇಟ್ ಎಸ್ಟರ್ ಆಯಿಲ್ ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ.

ಬ್ಯಾರಲ್‌ಗಳನ್ನು ಮಳೆಯಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ತಲೆಯ ಮೇಲೆ ನಿಂತ ನೀರನ್ನು ರಾತ್ರಿ ತಣ್ಣಗಾಗುವ ಬ್ಯಾರಲ್ ಮುಚ್ಚಳದ ಸಂದಿಯಿಂದ ಒಳಗೆಳೆಯುತ್ತದೆ. ಅಡ್ಡ ಮಲಗಿಸಿ, ಎರಡೂ ಮುಚ್ಚಳ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಬರುವಂತೆ ತಿರುಗಿಸಿಡಿ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ಅದನ್ನು ಎಳೆಯಲು ಬೇರೆಯೇ ಹೋಸ್ ಇಟ್ಟಿದ್ದೇನೆ, ಕೆಂಪು ಬಣ್ಣ ಬಳಿದು, ಎರಡೂ ತುದಿಗೆ ಕ್ಯಾಪ್ ಹಾಕಿ.